ಅಪ್‌ಡೇಟ್: ಆಫ್ರಿಕಾ ಸುತ್ತಿ ಬಂದ ಸ್ಟೈರೀನ್ ಕೊನೆಗೂ ತಲುಪಿತು

2023ರ ಕೊನೆಯಲ್ಲಿ ಶುರುವಾದ ಕೆಂಪು ಸಮುದ್ರದ ದಾಳಿಗಳಿಂದಾಗಿ ನಮ್ಮ ಸ್ಟೈರೀನ್ (ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ದ್ರವ ರಾಸಾಯನಿಕ) ಟ್ಯಾಂಕರ್ ಗುಡ್ ಹೋಪ್ ಭೂಶಿರವನ್ನು ಸುತ್ತಬೇಕಾಗಿದೆ, ದಾರಿಯಲ್ಲೇ ಸರಕಿನ ಅಣುಗಳು ಸರಪಳಿಯಂತೆ ಸೇರಿ ಪಾಲಿಮರ್ ಆಗಿ ಗಟ್ಟಿಯಾದರೆ ಏನು ಗತಿ ಎಂದು ಕೇಳಿದ್ದೆ. ತಲುಪಿತು, ದ್ರವವಾಗಿಯೇ! ಪಾಲಿಮರ್ ಪರೀಕ್ಷೆಯಲ್ಲೂ ಮಿತಿಯೊಳಗೇ ಇತ್ತು.

ಕೈಹಿಡಿದದ್ದು "ಮೊದಲು ಪ್ರತಿರೋಧಕದ ಪ್ರಮಾಣಪತ್ರ ಓದಿ" ಎಂದವರ ಸಲಹೆ. ಸರಕು ಗಟ್ಟಿಯಾಗದಂತೆ ತಡೆಯುವ ಪ್ರತಿರೋಧಕವಾದ ಟಿಬಿಸಿ (ಟರ್ಟ್-ಬ್ಯುಟೈಲ್ ಕ್ಯಾಟೆಕಾಲ್) ಎಷ್ಟು ಬೆರೆಸಲಾಗಿದೆ, ಯಾವ ಉಷ್ಣತೆಯವರೆಗೆ, ಎಷ್ಟು ಕಾಲ ಕೆಲಸ ಮಾಡುತ್ತದೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ನಮ್ಮದರಲ್ಲಿದ್ದ ಅವಧಿ ಸೂಯೆಜ್ ದಾರಿಗೆ ಸಾಕಿತ್ತು, ಸುತ್ತುದಾರಿಗೆ ಸಾಲುತ್ತಿರಲಿಲ್ಲ. ತುಂಬಿಸುವ ಬಂದರಿನಲ್ಲೇ ಪ್ರಮಾಣ ಹೆಚ್ಚಿಸಿ ಹೊಸ ಪತ್ರ ಪಡೆದೆವು. ಪಕ್ಕದ ಟ್ಯಾಂಕ್‌ಗಳಲ್ಲಿ ಬಿಸಿ ಸರಕು ಇರಕೂಡದೆಂದು ಬರೆಸಿಕೊಂಡೆವು.

ಸಾರಜನಕ ತುಂಬಿಸಿ ಗಾಳಿಯನ್ನು ಪೂರ್ತಿ ಹೊರಹಾಕುವ ಸಲಹೆಯನ್ನು ಮಾತ್ರ ಬಿಟ್ಟೆವು. ನನಗೆ ಅಚ್ಚರಿ ತಂದದ್ದು ಇದೇ: ಸ್ಟೈರೀನ್‌ನಲ್ಲಿ ಕರಗಿದ ಆಮ್ಲಜನಕ ಸ್ವಲ್ಪವಾದರೂ ಇಲ್ಲದಿದ್ದರೆ ಟಿಬಿಸಿ ಕೆಲಸವನ್ನೇ ಮಾಡುವುದಿಲ್ಲ. ಕಾವಲುಗಾರನ ಉಸಿರನ್ನೇ ಕಟ್ಟಿದಂತೆ ಆಗುತ್ತಿತ್ತು.

ಟ್ಯಾಂಕ್ ಕಂಟೇನರ್‌ಗಳಿಗೆ ಬದಲಿಸುವ ಯೋಚನೆ ಬಾಡಿಗೆ ಕೇಳಿದ ಕೂಡಲೇ ಮುಗಿಯಿತು. ಹೆಚ್ಚುವರಿ ಇಂಧನದ ಖರ್ಚು ಯಾರ ತಲೆಗೆ ಎಂಬ ವಾದ ಹಡಗಿನ ಮಾಲೀಕರೊಂದಿಗೆ ಇನ್ನೂ ನಡೆಯುತ್ತಿದೆ.