ಮಡಚುವ ಚಾಕುವಿನ ಗುಣಮಟ್ಟವನ್ನು ಅದು ತಯಾರಾದ ದೇಶ ತೀರ್ಮಾನಿಸುತ್ತದೆಯೇ?

ಪ್ರಶ್ನೆ: ಸಕಲೇಶಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಸೊರಗು ರೋಗಕ್ಕೆ ಮೆಣಸಿನ ಬಳ್ಳಿಗಳನ್ನು ಕಳೆದುಕೊಂಡು ಸಾಕಾಗಿ, ಎರಡು ವರ್ಷಗಳಿಂದ ಆ ರೋಗವನ್ನು ತಡೆಯುವ ಹಿಪ್ಪಲಿಯ ಬುಡಕ್ಕೆ ಪಣಿಯೂರು ಎಂಬ ಮೆಣಸಿನ ತಳಿಯ ಕುಡಿಯನ್ನು ನಾನೇ ಕಸಿ ಕಟ್ಟುತ್ತಿದ್ದೇನೆ. ಈ ಕೆಲಸದಲ್ಲಿ ಚಾಕುವಿನ ಬಾಯಿಯೇ ಮುಖ್ಯ. ಕುಡಿಯನ್ನು ಬೆಣೆಯಂತೆ ಕೊಯ್ಯುವಾಗ ಅಲಗು ಒಂದೇ ಎಳೆತಕ್ಕೆ ಹಾದುಹೋಗಬೇಕು. ಎರಡನೆಯ ಸಲ ಎಳೆದರೆ ಕೊಯ್ದ ಮುಖ ಏರುತಗ್ಗಾಗಿ, ಬುಡದ ಸೀಳಿನೊಳಗೆ ಸರಿಯಾಗಿ ಕೂರದೆ, ಪ್ಲಾಸ್ಟಿಕ್ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಸುತ್ತಿದರೂ ಕಪ್ಪಾಗಿ ಕೊಳೆತುಹೋಗುತ್ತದೆ.

ಮುಂಗಾರಿಗೆ ಮೊದಲು ಹಾಸನದ ಪೇಟೆಯಲ್ಲಿ 350 ರೂಪಾಯಿಗೆ ಒಂದು ಮಡಚುವ ಚಾಕು ಕೊಂಡೆ. ಅಲಗಿನ ಬುಡದಲ್ಲಿ ಚೀನಾದಲ್ಲಿ ತಯಾರಾದದ್ದೆಂಬ ಗುರುತಿದೆ. ನಲವತ್ತು ಗಿಡ ಮುಗಿಯುವುದರೊಳಗೆ ಅದು ಕೊಯ್ಯುವುದನ್ನು ಬಿಟ್ಟು ಜಜ್ಜತೊಡಗಿತು. ಅಂಗಡಿಯವರನ್ನು ಕೇಳಿದರೆ, "ಚೀನಾ ಮಾಲು ಅಷ್ಟೇ ಸಾರ್, ಜರ್ಮನಿಯದೋ ಸ್ವಿಸ್ಸೋ ತೆಗೆದುಕೊಳ್ಳಿ" ಎಂದರು. ಆದರೆ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನ ಕೈಯಲ್ಲಿರುವ ಚೀನಾದ ಚಾಕುವೊಂದು ಮೂರು ವರ್ಷಗಳಿಂದ ಚೆನ್ನಾಗಿ ನಡೆಯುತ್ತಿದೆ. ಹಾಗಾದರೆ ದೇಶದ ಹೆಸರು ನೋಡಿ ಚಾಕು ಕೊಳ್ಳುವುದು ಸರಿಯೇ? ಅಲ್ಲವಾದರೆ ಏನನ್ನು ನೋಡಬೇಕು? ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಾಸನದ ಟೂಲ್ ರೂಮ್ ಕೆಲಸಗಾರ

ಬೆಳೆಗಾರರೇ, ಇಪ್ಪತ್ತೆರಡು ವರ್ಷಗಳಿಂದ ಉಕ್ಕಿಗೆ ಹದ ಕೊಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಚಾಕು ಎಷ್ಟು ಹೊತ್ತು ಹರಿತವಾಗಿ ಉಳಿಯುತ್ತದೆ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಯಾವ ಉಕ್ಕು, ಅದಕ್ಕೆ ಎಂಥ ಹದ, ಬಾಯಿಯನ್ನು ಎಷ್ಟು ತೆಳ್ಳಗೆ ಮಸೆದಿದ್ದಾರೆ. ಇವುಗಳಲ್ಲಿ ಹದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಒಂದೇ ಪಟ್ಟಿಯಿಂದ ಕತ್ತರಿಸಿದ ಎರಡು ಅಲಗುಗಳಲ್ಲಿ ಒಂದು ಉತ್ತಮವಾಗಿಯೂ ಇನ್ನೊಂದು ಕೆಲಸಕ್ಕೆ ಬಾರದ್ದಾಗಿಯೂ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ.

ತುಕ್ಕು ಹಿಡಿಯದ ಚಾಕು ಉಕ್ಕನ್ನು ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಲ್ಲಿ ಬೇಕಾದಷ್ಟು ನಿಮಿಷ ನಿಲ್ಲಿಸಿ, ಬೇಗ ತಣಿಸಿ, ಆಮೇಲೆ 150ರಿಂದ 200 ಡಿಗ್ರಿಯಲ್ಲಿ ಮತ್ತೊಮ್ಮೆ ಕಾಯಿಸಬೇಕು. ಮೊದಲ ಹಂತದಲ್ಲಿ ಅವಸರ ಮಾಡಿದರೆ ಉಕ್ಕಿನೊಳಗಿನ ಇಂಗಾಲ ಸರಿಯಾಗಿ ಕರಗದೆ ಅಲಗು ಮೆತ್ತಗಾಗುತ್ತದೆ. ಕೊನೆಯ ಹಂತವನ್ನು ಬಿಟ್ಟರೆ ಪೆಡಸಾಗಿ, ಗಟ್ಟಿ ವಸ್ತುವಿಗೆ ತಗುಲಿದ ಕೂಡಲೇ ಬಾಯಿ ಉದುರುತ್ತದೆ. ಕುಲುಮೆ ಜರ್ಮನಿಯಲ್ಲಿದ್ದರೂ ಚೀನಾದಲ್ಲಿದ್ದರೂ ಈ ನಿಯಮ ಬದಲಾಗುವುದಿಲ್ಲ.

ಅಮೆರಿಕದ ಬಕ್ ಕಂಪನಿಯ ಉದಾಹರಣೆ ನೋಡಿ. ಅವರ ಬಹಳಷ್ಟು ಚಾಕುಗಳ 420ಎಚ್‌ಸಿ ಎಂಬ ಉಕ್ಕು ದುಬಾರಿಯದಲ್ಲ. ಆದರೂ ಹದ ಚೆನ್ನಾಗಿರುವ ಒಂದೇ ಕಾರಣಕ್ಕೆ ಆ ಚಾಕುಗಳಿಗೆ ಒಳ್ಳೆಯ ಹೆಸರಿದೆ. ಸ್ಪೈಡರ್ಕೊ ಕಂಪನಿಯಂತೂ ತನ್ನ ಚಾಕುಗಳನ್ನು ಅಮೆರಿಕದ ಗೋಲ್ಡನ್, ಜಪಾನಿನ ಸೆಕಿ, ತೈವಾನಿನ ತೈಚುಂಗ್ ಮತ್ತು ಚೀನಾ ಹೀಗೆ ಬೇರೆಬೇರೆ ಕಡೆ ಮಾಡಿಸುತ್ತದೆ. ಚೀನಾದಲ್ಲಿ ತಯಾರಾಗುವ ಅವರ ಟೆನೇಶಿಯಸ್ ಎಂಬ ಮಾದರಿ ಹೆಸರು ಮಾಡಿದ್ದು 8ಸಿಆರ್13ಎಂಒವಿ ಎಂಬ ಚೀನಾದ ಉಕ್ಕಿನಿಂದಲೇ. ಆ ಹೆಸರಿನಲ್ಲೇ ಅದರ ಹೂರಣವೂ ಇದೆ: ಸುಮಾರು ಶೇಕಡ 0.8 ಇಂಗಾಲ, ಶೇಕಡ 13ರಷ್ಟು ಕ್ರೋಮಿಯಂ. ನಿಮ್ಮ ಅಕ್ಕನ ಮಗನ ಚಾಕು ಇಂಥದ್ದೇ ಯಾವುದೋ ಇರಬಹುದು.

ಈಗ ನಿಮ್ಮ ಚಾಕುವಿನ ವಿಷಯ. ಅದನ್ನು ಬಿಸಾಡುವ ಮೊದಲು ಬಾಯಿಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಉಗುರನ್ನು ಅದರ ಉದ್ದಕ್ಕೂ ಮೆಲ್ಲಗೆ ಜಾರಿಸಿ ನೋಡಿ. ಉಗುರು ಒಂದು ಬದಿಯಲ್ಲಿ ಸಿಕ್ಕಿಕೊಂಡು ಇನ್ನೊಂದು ಬದಿಯಲ್ಲಿ ಜಾರಿದರೆ ಬಾಯಿ ಮಡಚಿಕೊಂಡಿದೆ, ಅಂದರೆ ಉಕ್ಕು ಮೆತ್ತಗಿದೆ ಎಂದು ತಿಳಿಯಿರಿ. ಸಣ್ಣ ಸಣ್ಣ ಕಚ್ಚುಗಳು ತಗುಲಿದರೆ ಅದು ಪೆಡಸು. ಮಡಚಿಕೊಂಡಿದ್ದರೆ ನನಗೆ ಇನ್ನೊಂದು ಅನುಮಾನವಿದೆ. ಕಾರ್ಖಾನೆಯಲ್ಲಿ ಕೊನೆಯ ಸಾಣೆಯನ್ನು ವೇಗವಾಗಿ ಓಡುವ ಬೆಲ್ಟಿನ ಮೇಲೆ ಹಿಡಿಯುವಾಗ ತೆಳ್ಳಗಿನ ಬಾಯಿ ಅತಿಯಾಗಿ ಕಾಯ್ದು ಅಷ್ಟು ಭಾಗದ ಹದ ಮಾತ್ರ ಹೋಗಿರುತ್ತದೆ. ಒಳಗಿನ ಉಕ್ಕು ಕೆಟ್ಟಿರುವುದಿಲ್ಲ. ನೀರು ಹಾಕಿಕೊಂಡು ಮಸೆಗಲ್ಲಿನ ಮೇಲೆ ಮೂರು ನಾಲ್ಕು ಸಲ ಕೈಯಲ್ಲಿ ಮಸೆದರೆ ಕಾಯ್ದ ಭಾಗ ಸವೆದು ಒಳ್ಳೆಯ ಉಕ್ಕು ಹೊರಗೆ ಬರುತ್ತದೆ.

ಉತ್ತರ: ಚಿಕ್ಕಮಗಳೂರಿನ ನಿವೃತ್ತ ಇತಿಹಾಸ ಅಧ್ಯಾಪಕ

ಮೇಲಿನ ಉತ್ತರ ತುಂಬ ಉಪಯುಕ್ತವಾಗಿದೆ. ದೇಶದ ಹೆಸರಿಗೆ ಬರುವ ಗೌರವ ಹೇಗೆ ಏರಿಳಿಯುತ್ತದೆ ಎಂಬುದನ್ನು ಮಾತ್ರ ನಾನು ಸೇರಿಸುತ್ತೇನೆ. 19ನೆಯ ಶತಮಾನದಲ್ಲಿ ಚಾಕು ಎಂದರೆ ಇಂಗ್ಲೆಂಡಿನ ಶೆಫೀಲ್ಡ್. ಜರ್ಮನಿಯ ಸೋಲಿಂಗೆನ್‌ನಲ್ಲಿ ಮಾಡಿದ ಅಗ್ಗದ ಚಾಕು ಕತ್ತರಿಗಳು ಶೆಫೀಲ್ಡಿನ ಮುದ್ರೆ ಹೊತ್ತು ಬರುತ್ತಿವೆ ಎಂದು ಅಲ್ಲಿನವರು ದೂರುತ್ತಿದ್ದರು. 1887ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಮಾಡಿದ ಕಾನೂನಿನ ಫಲವಾಗಿ ಹೊರದೇಶದ ಸರಕಿನ ಮೇಲೆ ಮೂಲದ ಗುರುತು ಬಂತು. ಇಂದು ನಾವು ಹೆಚ್ಚು ಹಣ ಕೊಟ್ಟು ಕೊಳ್ಳುವ "ಮೇಡ್ ಇನ್ ಜರ್ಮನಿ" ಎಂಬ ಮಾತು ಅಂದು ಗಿರಾಕಿಗೆ ಕೊಟ್ಟ ಎಚ್ಚರಿಕೆಯಾಗಿತ್ತು. ಕೆಲವೇ ದಶಕಗಳಲ್ಲಿ ಜರ್ಮನ್ ಕಾರ್ಖಾನೆಗಳು ಕೆಲಸವನ್ನು ಸುಧಾರಿಸಿಕೊಂಡು ಅದೇ ಮಾತನ್ನು ಹೆಮ್ಮೆಯ ಗುರುತಾಗಿ ಮಾಡಿಕೊಂಡವು. ಸ್ವಿಸ್ ಸೈನಿಕರ ಚಾಕುವಿನ ಕಥೆಯೂ ಗಮನಾರ್ಹ. 1891ರಲ್ಲಿ ಆ ಸೈನ್ಯದ ಕೈ ಸೇರಿದ ಮೊದಲ ಚಾಕುಗಳು ತಯಾರಾದದ್ದು ಸೋಲಿಂಗೆನ್‌ನಲ್ಲಿ. ಅಷ್ಟು ಚಾಕುಗಳನ್ನು ಮಾಡುವ ಸಾಮರ್ಥ್ಯ ಆಗ ಸ್ವಿಟ್ಜರ್ಲೆಂಡಿನ ಕಾರ್ಯಾಗಾರಗಳಿಗೆ ಇರಲಿಲ್ಲ. ಇಬಾಖ್ ಊರಿನ ಕಾರ್ಲ್ ಎಲ್ಸೆನರ್ ಆ ಕೆಲಸವನ್ನು ತನ್ನ ದೇಶಕ್ಕೆ ತಂದದ್ದು ಆಮೇಲೆ. ಅವರು 1884ರಲ್ಲಿ ಆರಂಭಿಸಿದ ಕಾರ್ಯಾಗಾರವೇ ಇಂದಿನ ವಿಕ್ಟೊರಿನಾಕ್ಸ್.

ನಮ್ಮ ನೆಲದ ಮಾತನ್ನೂ ಹೇಳಬೇಕು. ದಕ್ಷಿಣ ಭಾರತದಲ್ಲಿ ಮೂಸೆಯೊಳಗೆ, ಅಂದರೆ ಮಣ್ಣಿನ ಪುಟ್ಟ ಪಾತ್ರೆಯೊಳಗೆ, ಕಾಯಿಸಿ ಮಾಡುತ್ತಿದ್ದ ಉಕ್ಕನ್ನು ಯುರೋಪಿನವರು ವೂಟ್ಜ್ ಎಂದು ಕರೆದರು. ಆ ಹೆಸರು ಕನ್ನಡದ "ಉಕ್ಕು" ಎಂಬ ಪದದಿಂದ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಅದರ ಗುಟ್ಟನ್ನು ತಿಳಿಯಲು ಪ್ರಯೋಗ ನಡೆಸಿದರು. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ನಮ್ಮ ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ. ಹೀಗಿದ್ದೂ ಇಂದು ಇಲ್ಲಿಯ ಪೇಟೆಯಲ್ಲಿ ನಿಂತು "ನಮ್ಮ ದೇಶದ್ದು ಬೇಡ, ಹೊರಗಿನದು ಕೊಡಿ" ಎನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ನಮ್ಮ ಮನೆಯಲ್ಲಿ ತಾತನ ಕಾಲದ ಶೆಫೀಲ್ಡ್ ಚಾಕುವೊಂದಿದೆ. ಕೊಂಬಿನ ಹಿಡಿ ಬಿರುಕು ಬಿಟ್ಟಿದೆ, ಮಸೆದು ಮಸೆದು ಅಲಗು ಹುಣಸೆಕಾಯಿಯಷ್ಟು ಸಣ್ಣಗಾಗಿದೆ, ಆದರೂ ಹಣ್ಣು ಹೆಚ್ಚಲು ಇಂದಿಗೂ ಅದೇ ಬೇಕು. ಅದನ್ನು ತೋರಿಸಿ ಹಳೆಯ ಕಾಲದ ಆ ಊರಿನ ಮಾಲೆಲ್ಲ ಹೀಗೆಯೇ ಇತ್ತೆಂದು ನಾನು ಹೇಳಲಾರೆ. ಕೆಟ್ಟವು ಯಾವಾಗಲೋ ತಿಪ್ಪೆ ಸೇರಿವೆ, ಚೆನ್ನಾಗಿದ್ದದ್ದು ನಮ್ಮ ಕೈಗೆ ಉಳಿದು ಬಂದಿದೆ.

ಉತ್ತರ: ಮೂಡಿಗೆರೆಯ ಕೃಷಿ ಸಲಕರಣೆ ವ್ಯಾಪಾರಿ

ಮೇಷ್ಟ್ರ ಮಾತನ್ನು ಗೌರವಿಸುತ್ತಲೇ ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳಬೇಕಾಗಿದೆ. ಕೊಳ್ಳುವವರ ಕೈಯಲ್ಲಿ ಗಡಸುತನ ಅಳೆಯುವ ಯಂತ್ರ ಇರುವುದಿಲ್ಲ. ಅಂಗಡಿಯಲ್ಲಿ ಅವರಿಗೆ ಕಾಣುವುದು ಬೆಲೆ ಮತ್ತು ಗುರುತು, ಎರಡೇ. ಗುರುತಿನ ಹಿಂದೆ ಕಾನೂನು ನಿಂತಿದ್ದರೆ ಅದಕ್ಕೆ ಖಂಡಿತ ಬೆಲೆಯಿದೆ. ಸೋಲಿಂಗೆನ್ ಎಂಬ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆ ಇದೆ, ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಪ್ರದೇಶದಲ್ಲಿಯೇ ನಡೆದಿರಬೇಕು. ಕೈಗಾರಿಕಾ ವಸ್ತುವೊಂದನ್ನು ಸ್ವಿಸ್ ಎಂದು ಕರೆಯಬೇಕಾದರೆ ತಯಾರಿಕೆಯ ವೆಚ್ಚದಲ್ಲಿ ಕನಿಷ್ಠ ಶೇಕಡ 60 ಆ ದೇಶದಲ್ಲಿ ಆಗಿರಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ.

ಚೀನಾದ ಮಾಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಲ್ಲಿನ ಗ್ವಾಂಗ್‌ಡಾಂಗ್ ಪ್ರಾಂತ್ಯದ ಯಾಂಗ್‌ಜಿಯಾಂಗ್ ಎಂಬ ಊರು ಚಾಕು ಕತ್ತರಿಗಳಿಗೇ ಪ್ರಸಿದ್ಧ. ಆದರೆ ಅಲ್ಲಿಂದ ತರಿಸುವವರು ಯಾವ ದರಕ್ಕೆ ಕೇಳುತ್ತಾರೋ ಆ ದರದ ಮಾಲು ಬರುತ್ತದೆ. ತನಿಖೆಗೆ ಹಣ ಕೊಟ್ಟವರಿಗೆ ಆರಿಸಿದ ಮಾಲು ಸಿಗುತ್ತದೆ, ಕೊಡದವರಿಗೆ ಉಳಿದದ್ದು. ನಮ್ಮ ಸಣ್ಣ ಪೇಟೆಗಳಿಗೆ ಬರುವುದು ಹೆಚ್ಚಾಗಿ ಎರಡನೆಯ ಬಗೆಯದು ಎಂಬುದನ್ನು ವ್ಯಾಪಾರಿಯಾಗಿ ನಾನು ಒಪ್ಪಿಕೊಳ್ಳಬೇಕು. "ಜರ್ಮನಿ" ಎಂದು ಸುಮ್ಮನೆ ಮುದ್ರೆ ಒತ್ತಿದ ಮಾಲನ್ನೂ ನನ್ನ ಅಂಗಡಿಗೆ ತಂದು ತೋರಿಸಿದವರಿದ್ದಾರೆ. ಆದ್ದರಿಂದ ದೇಶಕ್ಕಿಂತ ಮೊದಲು ತಯಾರಕರ ಹೆಸರನ್ನೂ ಉಕ್ಕಿನ ಹೆಸರನ್ನೂ ಕೇಳಿ. ಉಕ್ಕು ಯಾವುದೆಂದು ಪೊಟ್ಟಣದ ಮೇಲೂ ಅಲಗಿನ ಮೇಲೂ ಬರೆಯದ ಚಾಕುವನ್ನು ಕಸಿಯ ಕೆಲಸಕ್ಕೆ ಕೊಳ್ಳಬೇಡಿ.

ಇನ್ನೊಂದು ವಿಷಯ. ಕಸಿ ಕಟ್ಟಲು ಒಂದೇ ಬದಿಗೆ ಸಾಣೆ ಹಿಡಿದ ಚಾಕು ಬೇಕು. ಚಪ್ಪಟೆ ಬದಿ ಕುಡಿಗೆ ಒತ್ತಿಕೊಂಡು ಹೋಗುವುದರಿಂದ ಕೊಯ್ದ ಮುಖ ಸಮತಟ್ಟಾಗಿ ಬರುತ್ತದೆ. ಎರಡೂ ಬದಿ ಸಾಣೆಯಿರುವ ಸಾಮಾನ್ಯ ಜೇಬು ಚಾಕು, ಎಷ್ಟೇ ದುಬಾರಿಯಾದರೂ, ಅಲುಗಿ ಒಳಗೆ ಕಚ್ಚುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಸಕಲೇಶಪುರದ ಬೆಳೆಗಾರ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಧನ್ಯವಾದಗಳು. ಉಗುರು ಜಾರಿಸಿ ನೋಡಿದೆ, ಬಾಯಿ ಬಲಕ್ಕೆ ಮಡಚಿಕೊಂಡಿತ್ತು. ನೀರು ಹಾಕಿ ಮಸೆಗಲ್ಲಿನ ಮೇಲೆ ಮೂರು ಸಂಜೆ ಮಸೆದೆ. ಮೂಡಿಗೆರೆಯವರು ಹೇಳಿದಂತೆ ಎಡ ಮುಖವನ್ನು ಚಪ್ಪಟೆಯಾಗಿಟ್ಟು ಬಲ ಬದಿಗೆ ಮಾತ್ರ ಸಾಣೆ ಕೊಟ್ಟೆ. ನಿನ್ನೆ ಬೆಳಿಗ್ಗೆ ಅದೇ ಚಾಕುವಿನಲ್ಲಿ ಅರವತ್ತೆರಡು ಕುಡಿ ಕೊಯ್ದೆ. ಐವತ್ತರವರೆಗೆ ಒಂದೇ ಎಳೆತಕ್ಕೆ ಬಂತು, ಕೊಯ್ದ ಮುಖ ಒದ್ದೆ ಗಾಜಿನಂತೆ ಹೊಳೆಯುತ್ತಿತ್ತು. ಆಮೇಲೆ ನಿಧಾನವಾಗಿ ಮೊಂಡಾಯಿತು. ಅಲಗಿನ ಕೀಲು ಮಾತ್ರ ಸಡಿಲವಾಗಿದೆ. ಎಷ್ಟು ಬಿಗಿ ಮಾಡಿದರೂ ಹತ್ತು ಗಿಡಕ್ಕೊಮ್ಮೆ ಅಲುಗಾಡತೊಡಗುತ್ತದೆ, ಕೊಯ್ಯುವಾಗ ಕೈ ತಪ್ಪುವ ಭಯವಿದೆ.

ಉತ್ತರ: ಹಾಸನದ ಟೂಲ್ ರೂಮ್ ಕೆಲಸಗಾರ

ಹಾಗಾದರೆ ಅಲಗಿನ ಉಕ್ಕು ಪರವಾಗಿಲ್ಲ, ಕೆಟ್ಟದ್ದು ಜೋಡಣೆ. 350 ರೂಪಾಯಿಯಲ್ಲಿ ಅವರು ಉಳಿಸಿದ್ದು ಅಲ್ಲಿಯೇ. ಕೀಲಿನ ಮೊಳೆಯ ಸುತ್ತ ತೂತು ಅಗಲವಾಗಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ. ಮಡಚುವ ಆಸೆ ಬಿಟ್ಟು, ಅಲಗನ್ನು ಬಿಡಿಸಿ ನಿಮ್ಮೂರಿನ ಆಚಾರ್ರ ಹತ್ತಿರ ಬೀಟೆ ಮರದ ಗಟ್ಟಿ ಹಿಡಿ ಹಾಕಿಸಿಕೊಳ್ಳಿ. ಹಿಡಿ ಕೂರಿಸುವಾಗ ಅಲಗಿನ ಬುಡವನ್ನು ಬೆಂಕಿಗೆ ಹಿಡಿಯದಂತೆ ಮೊದಲೇ ಹೇಳಿ, ಕಾಯ್ದರೆ ಈಗ ಸಿಕ್ಕಿರುವ ಹದವೂ ಹೋಗುತ್ತದೆ.