ಮಗಳು ಜರ್ಮನಿಸ್ಟಿಕ್ ಓದುತ್ತೇನೆ ಅಂದಾಗ

ನಮಸ್ಕಾರ ಎಲ್ಲರಿಗೂ. ಮೊನ್ನೆ ಫ್ರಾಂಕ್‌ಫರ್ಟ್ ಕಡೆಯ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು. ಮಗಳು ಶಾಲೆಯ ಕೊನೆಯ ಪರೀಕ್ಷೆ ಅಬಿಟೂರ್‌ನಲ್ಲಿ ಒಳ್ಳೆ ಅಂಕ ತೆಗೆಯುವ ಹಾಗಿದ್ದಾಳೆ, ಆದರೆ ಇನ್‌ಫಾರ್ಮಾಟಿಕ್ (ಕಂಪ್ಯೂಟರ್ ಸೈನ್ಸ್) ಬೇಡ, ಮೆಡಿಸಿನ್ ಬೇಡ, ಜರ್ಮನಿಸ್ಟಿಕ್, ಅಂದರೆ ಜರ್ಮನ್ ಭಾಷೆ, ಸಾಹಿತ್ಯ ಓದುತ್ತೇನೆ ಅನ್ನುತ್ತಾಳೆ, ಏನು ಮಾಡಲಿ ಅಂತ. ಕೆಳಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು "ಕೂರಿಸಿ ಬುದ್ಧಿ ಹೇಳಿ", "ಆ ಓದಿನಿಂದ ಅನ್ನ ಹುಟ್ಟುತ್ತಾ?" ಅನ್ನುವಂಥವು. ನನ್ನ ಮಗಳು ಟ್ಯೂಬಿಂಗನ್‌ನಲ್ಲಿ ಅದನ್ನೇ ಓದುತ್ತಿದ್ದಾಳೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಹಳ ಜನ ಜರ್ಮನ್ ಕಲಿತದ್ದು ಕೆಲಸಕ್ಕೆ, ಕಾಗದಪತ್ರಕ್ಕೆ. ಬ್ಲೂ ಕಾರ್ಡ್ (ಪದವೀಧರ ನೌಕರರ ವಾಸದ ಪರವಾನಗಿ) ಇದ್ದವರು ಬಿ1 ಅನ್ನುವ ಮಧ್ಯಮ ಮಟ್ಟದ ಭಾಷಾ ಪರೀಕ್ಷೆ ಪಾಸಾದರೆ 21 ತಿಂಗಳಿಗೆ ಖಾಯಂ ಪರವಾನಗಿ ಕೇಳಬಹುದು. ಜರ್ಮನ್ ಪಾಸ್‌ಪೋರ್ಟಿಗೂ ಭಾಷೆಯ ಮಟ್ಟಿಗೆ ಬಿ1 ಸಾಕು. ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆವು. ಹಾಗಾಗಿ ಜರ್ಮನ್ ಅಂದರೆ ನಮಗೆ ಒಂದು ಪರೀಕ್ಷೆ, ಡಾಕ್ಟರ ಹತ್ತಿರ ತಡವರಿಸುವ ನಾಲ್ಕು ಮಾತು. ಇಲ್ಲೇ ಕಿಂಡರ್‌ಗಾರ್ಟನ್‌ಗೆ ಹೋದ ಮಕ್ಕಳಿಗೆ ಹಾಗಿಲ್ಲ. ಅವರು ಜಗಳ ಆಡುವುದು, ಗೆಳತಿಯರ ಹತ್ತಿರ ಗುಟ್ಟು ಹೇಳುವುದು, ಮನಸ್ಸಿನಲ್ಲೇ ಲೆಕ್ಕ ಹಾಕುವುದು ಎಲ್ಲ ಜರ್ಮನ್‌ನಲ್ಲೇ. ಧಾರವಾಡದಲ್ಲಿ ಬೆಳೆದ ಹುಡುಗಿ ಕನ್ನಡ ಎಂಎ ಮಾಡುತ್ತೇನೆ ಅಂದರೆ ನಮಗೆ ಅರ್ಥ ಆಗುತ್ತದೆ ಅಲ್ವಾ? ಇದೂ ಅದೇ. ತಾನು ಬೆಳೆದ ಭಾಷೆಯನ್ನು ಬುಡದಿಂದ ತಿಳಿಯಬೇಕು ಅನ್ನುವ ಆಸೆ. ಇದನ್ನು ಮೊದಲು ಒಪ್ಪಿಕೊಳ್ಳದೆ ಮಾತಿಗೆ ಕೂತರೆ ಮಗಳು ತಂದೆ ತಾಯಿಯ ಜೊತೆ ಆ ವಿಷಯ ಎತ್ತುವುದನ್ನೇ ಬಿಡುತ್ತಾಳೆ.

"ಕಥೆ ಪುಸ್ತಕ ಓದೋಕೆ ಯೂನಿವರ್ಸಿಟಿ ಯಾಕೆ" ಅಂತ ಒಬ್ಬರು ಬರೆದಿದ್ದರು. ಆ ಓದಿನಲ್ಲಿ ಏನೇನಿದೆ ಅಂತ ಹೇಳುತ್ತೇನೆ. ಬ್ಯಾಚುಲರ್ ಸಾಮಾನ್ಯವಾಗಿ 6 ಸೆಮಿಸ್ಟರ್, 180 ಕ್ರೆಡಿಟ್. ಹೆಚ್ಚಿನ ಕಡೆ ಇನ್ನೊಂದು ವಿಷಯ ಜೊತೆಗೆ ತೆಗೆದುಕೊಳ್ಳಬೇಕು. ಜರ್ಮನಿಸ್ಟಿಕ್ ಒಳಗೇ ಮೂರು ಭಾಗ ಇವೆ. ಹೊಸ ಸಾಹಿತ್ಯ, ಮಧ್ಯಕಾಲದ ಸಾಹಿತ್ಯ, ಭಾಷಾವಿಜ್ಞಾನ. ಕ್ಲಾಸ್ ಮುಗಿದ ಮೇಲೆ, ರಜೆ ಅಂತ ನಾವು ಅಂದುಕೊಳ್ಳುವ ಫೆಬ್ರವರಿ, ಮಾರ್ಚ್‌ನಲ್ಲಿ, ಹದಿನೈದು ಇಪ್ಪತ್ತು ಪುಟದ ಹೌಸ್‌ಆರ್ಬೈಟ್ (ಪ್ರಬಂಧ) ಬರೆಯುತ್ತಾ ಲೈಬ್ರರಿಯಲ್ಲೇ ಇರುತ್ತಾರೆ. ಒಂದು ವಾದ ಕಟ್ಟುವುದು, ಪ್ರತಿ ಮಾತಿಗೂ ಆಧಾರ ಕೊಡುವುದು, ಎದುರಿನವರ ವಾದವನ್ನು ಸರಿಯಾಗಿ ಓದಿ ಉತ್ತರಿಸುವುದು. ಇದು ಸುಲಭದ ಓದಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಧ್ಯಕಾಲದ ಭಾಗ. 1200ರ ಸುಮಾರಿನ ಜರ್ಮನ್ ಇಲ್ಲೇ ಹುಟ್ಟಿ ಬೆಳೆದವರಿಗೂ ನೇರವಾಗಿ ಅರ್ಥ ಆಗುವುದಿಲ್ಲ. ನಮಗೆ ಪಂಪನನ್ನು ಓದಲು ಹಳಗನ್ನಡದ ವ್ಯಾಕರಣ, ನಿಘಂಟು ಬೇಕಾದ ಹಾಗೆ ಅವರಿಗೂ ಬೇಕು. ಮನೆಯಲ್ಲಿ ತಲೆತಲಾಂತರದಿಂದ ಜರ್ಮನ್ ಆಡಿದ ಹುಡುಗನೂ, ಮನೆಯಲ್ಲಿ ಕನ್ನಡ ಆಡುವ ನಮ್ಮ ಹುಡುಗಿಯೂ ಮೊದಲ ಪಾಠದಿಂದ ಒಟ್ಟಿಗೇ ಶುರು ಮಾಡುತ್ತಾರೆ. ಶಾಲೆಯಲ್ಲಿ "ನಿನ್ನ ಜರ್ಮನ್ ಎಷ್ಟು ಚೆನ್ನಾಗಿದೆ!" ಅಂತ ಬೇರೆಯವರು ಆಶ್ಚರ್ಯ ಪಡುವುದನ್ನು ಕೇಳಿ ಬೇಸತ್ತ ಮಕ್ಕಳಿಗೆ ಅದು ದೊಡ್ಡ ಸಮಾಧಾನ.

ಆ ಭಾಗದಲ್ಲಿ ಓದಿಸುವ ನೀಬೆಲುಂಗನ್‌ಲೀಡ್ ಕಾವ್ಯದ ಕವಿ ಯಾರು ಅಂತ ಗೊತ್ತಿಲ್ಲ. ಮುಖ್ಯವಾದ ಮೂರು ಹಸ್ತಪ್ರತಿಗಳು ಮ್ಯೂನಿಕ್, ಸ್ವಿಟ್ಜರ್‌ಲ್ಯಾಂಡಿನ ಸಾಂಕ್ಟ್ ಗಾಲನ್, ಕಾರ್ಲ್ಸ್‌ರೂಯೆ ಗ್ರಂಥಾಲಯಗಳಲ್ಲಿವೆ. 2009ರಲ್ಲಿ ಯುನೆಸ್ಕೊ ಅವನ್ನು ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು. ಮೂರರ ಪಾಠವೂ ಒಂದೇ ಥರ ಇಲ್ಲ. ಯಾವುದು ಮೂಲಕ್ಕೆ ಹತ್ತಿರ ಅಂತ ವಿದ್ವಾಂಸರು 200 ವರ್ಷದಿಂದ ವಾದಿಸುತ್ತಿದ್ದಾರೆ. ಕಾರ್ಲ್ ಲಾಖ್‌ಮನ್ ಅನ್ನುವ ವಿದ್ವಾಂಸರು 1826ರಲ್ಲಿ ಒಂದು ಪ್ರತಿಯನ್ನು ಆಧಾರ ಮಾಡಿಕೊಂಡು ಕಾವ್ಯವನ್ನು ಸಂಪಾದಿಸಿದರು.

ಈ ಸಂಪಾದನೆಯ ಕೆಲಸ ಕನ್ನಡಕ್ಕೂ ಬಂದಿದೆ. ಬಾಸೆಲ್ ಮಿಶನ್‌ನಿಂದ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ್ದು ನಮಗೆಲ್ಲ ಗೊತ್ತು. ಆಮೇಲೆ ಅವರು ಹಳೆಯ ಕನ್ನಡ ಕೃತಿಗಳನ್ನು ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ತಂದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70,000 ಪದಗಳದ್ದು. ಅದೇ ಶತಮಾನದಲ್ಲಿ ಈ ಕಡೆ ಗ್ರಿಮ್ ಸಹೋದರರ ಜರ್ಮನ್ ನಿಘಂಟು ನಡೆಯುತ್ತಿತ್ತು. 1838ರಲ್ಲಿ ಆರಂಭ, ಮೊದಲ ಸಂಪುಟ 1854ರಲ್ಲಿ, ಕೊನೆಯದು ಮುಗಿದದ್ದು 1961ರಲ್ಲಿ. ಮಕ್ಕಳ ಕಥೆಗಳಿಂದ ನಮಗೆ ಗೊತ್ತಿರುವ ಆ ಅಣ್ಣತಮ್ಮಂದಿರೇ ಈ ವಿದ್ಯೆಗೆ ತಳಪಾಯ ಹಾಕಿದವರು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು 1903ರಲ್ಲಿ ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ. ಕವಿ ಹ್ಯೋಲ್ಡರ್ಲಿನ್ ಬದುಕಿನ ಕೊನೆಯ ಮೂವತ್ತಾರು ವರ್ಷ ಕಳೆದ ಗೋಪುರವನ್ನು ಎಲ್ಲ ಪ್ರವಾಸಿಗರೂ ನೋಡುತ್ತಾರೆ. ಕನ್ನಡದವರು ಬಂದರೆ ನಾನು ಕಿಟೆಲರ ವಿಷಯವನ್ನೂ ತಪ್ಪದೆ ಹೇಳುತ್ತೇನೆ.

ಭಾಷಾವಿಜ್ಞಾನದ ಸೆಮಿನಾರಿನಲ್ಲೂ ಮನೆಯ ಕನ್ನಡ ಕೆಲಸಕ್ಕೆ ಬಂತು. ಯಾಕೋಬ್ ಗ್ರಿಮ್ 1822ರಲ್ಲಿ ವ್ಯಂಜನಗಳು ಕಾಲಕ್ರಮದಲ್ಲಿ ಒಂದು ನಿಯಮಕ್ಕೆ ಕಟ್ಟುಬಿದ್ದು ಬದಲಾಗುತ್ತವೆ ಅಂತ ತೋರಿಸಿದ್ದರು. ಅದರ ಚರ್ಚೆಯಲ್ಲಿ ಮಗಳು ನಮ್ಮ ಹಳಗನ್ನಡದ ಪಾಲ್, ಪುಲಿ ಹೋಗಿ ಹಾಲು, ಹುಲಿ ಆದದ್ದನ್ನು ಹೇಳಿದ್ದಾಳೆ. ಕಲಿಸುವವರು ಇನ್ನಷ್ಟು ಉದಾಹರಣೆ ಕೇಳಿದರಂತೆ. ರಾತ್ರಿ ಫೋನ್ ಮಾಡಿ "ಅಮ್ಮಾ, ಇಂಥ ಪದ ಇನ್ನೂ ಹೇಳು" ಅಂದಳು. ಅವಳು ಚಿಕ್ಕವಳಿದ್ದಾಗ ಶಾಲೆಯ ಟೀಚರೊಬ್ಬರು ಮನೆಯಲ್ಲಿ ಕನ್ನಡ ನಿಲ್ಲಿಸಿ, ಜರ್ಮನ್ ಮಾತ್ರ ಆಡಿ ಅಂದಿದ್ದರು. ನಾವು ಒಪ್ಪಲಿಲ್ಲ. ಚಿಕ್ಕ ಮಕ್ಕಳಿರುವವರು ದಯವಿಟ್ಟು ಇದನ್ನು ಗಮನಿಸಿ. ನಮ್ಮ ಅರೆಬರೆ ಜರ್ಮನ್‌ಗಿಂತ ನಮ್ಮ ತುಂಬಿದ ಕನ್ನಡ ಮಕ್ಕಳಿಗೆ ಒಳ್ಳೆಯದು. ಜರ್ಮನ್ ಶಾಲೆಯಲ್ಲಿ, ಬೀದಿಯಲ್ಲಿ, ಲೈಬ್ರರಿಯ ಪುಸ್ತಕದಿಂದ ಬಂದೇ ಬರುತ್ತದೆ.

ಇನ್ನೊಂದು ಮಾತು. ಜರ್ಮನ್ ಸಂಸ್ಕೃತಿ ಓದಿದರೆ ಮಗಳು ಪೂರ್ತಿ "ಅವರವಳೇ" ಆಗಿಬಿಡುತ್ತಾಳೆ ಅನ್ನುವ ಭಯ ಕೆಲವರ ಮಾತಿನಲ್ಲಿ ಕಂಡಿತು. ಈ ಓದಿನ ಒಳಗೆ ಏನು ನಡೆಯುತ್ತದೆ ಅಂತ ನೋಡಿದರೆ ಆ ಭಯ ಕಡಿಮೆ ಆದೀತು. 1933ರ ಮೇ 10ರಂದು ಜರ್ಮನಿಯ ಹಲವು ಊರುಗಳಲ್ಲಿ ವಿದ್ಯಾರ್ಥಿಗಳೇ ಪುಸ್ತಕ ಸುಟ್ಟರು, ಜೊತೆಗೆ ಪ್ರೊಫೆಸರರೂ ನಿಂತಿದ್ದರು. ಜರ್ಮನಿಸ್ಟಿಕ್ ವಿಭಾಗಗಳಲ್ಲಿ ಅನೇಕರು ನಾಜಿಗಳಿಗೆ ಬೆಂಬಲವಾಗಿದ್ದರು. ಬಾನ್ ವಿಶ್ವವಿದ್ಯಾಲಯ 1936ರಲ್ಲಿ ನಾಜಿಗಳನ್ನು ವಿರೋಧಿಸಿದ ಕಾದಂಬರಿಕಾರ ಥಾಮಸ್ ಮಾನ್ ಅವರ ಗೌರವ ಡಾಕ್ಟರೇಟ್ ಕಿತ್ತುಕೊಂಡಿತು, ಯುದ್ಧ ಮುಗಿದ ಮೇಲೆ ಹಿಂದಕ್ಕೆ ಕೊಟ್ಟಿತು. 1966ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನಿಸ್ಟರ ಸಮ್ಮೇಳನ ನಡೆದಾಗ ಈ ವಿದ್ಯೆ ನಾಜಿ ಕಾಲದಲ್ಲಿ ಏನು ಮಾಡಿತು ಅನ್ನುವ ಚರ್ಚೆ ಬಹಿರಂಗವಾಗಿ ನಡೆಯಿತು. ಯಾರನ್ನು ಜರ್ಮನ್ ಅನ್ನಬೇಕು, ಯಾರು ಅದನ್ನು ನಿರ್ಧರಿಸುತ್ತಾರೆ ಅನ್ನುವುದು ಈಗ ಪಾಠದ ಭಾಗ. ನಮ್ಮ ಮಕ್ಕಳು ದಿನಾ ಎದುರಿಸುವ ಪ್ರಶ್ನೆಯೂ ಇದೇ. ಅದಕ್ಕೆ ಮಾತು, ಇತಿಹಾಸ, ಧೈರ್ಯ ಎಲ್ಲ ಅವರಿಗೆ ಇಲ್ಲಿಂದ ಸಿಗುತ್ತದೆ.

ಬೊಸ್ನಿಯಾ ಯುದ್ಧದಿಂದ ತಪ್ಪಿಸಿಕೊಂಡು 1992ರಲ್ಲಿ ಹೈಡಲ್‌ಬರ್ಗ್‌ಗೆ ಬಂದ ಹುಡುಗ ಸಾಶಾ ಸ್ಟಾನಿಶಿಚ್ ಅಲ್ಲೇ ಪರಭಾಷೆಯಾಗಿ ಜರ್ಮನ್ ಕಲಿಸುವ ವಿಷಯ ಓದಿದರು. 2019ರಲ್ಲಿ ಜರ್ಮನ್ ಪುಸ್ತಕ ಪ್ರಶಸ್ತಿ ಪಡೆದರು. ಡ್ಯುಸೆಲ್‌ಡಾರ್ಫ್‌ನ ಮಿಥು ಸಾನ್ಯಾಲ್ ಅವರ ತಂದೆ ಭಾರತದವರು. ಅವರು ಓದಿದ್ದು ಜರ್ಮನ್ ಮತ್ತು ಇಂಗ್ಲಿಷ್ ಸಾಹಿತ್ಯ. 2021ರಲ್ಲಿ ಅವರ ಕಾದಂಬರಿ ಅದೇ ಪ್ರಶಸ್ತಿಯ ಕೊನೆಯ ಸುತ್ತಿನ ಪಟ್ಟಿಯಲ್ಲಿತ್ತು. ಎಲ್ಲರೂ ಲೇಖಕರಾಗುವುದಿಲ್ಲ, ಗೊತ್ತು. ಆದರೆ ಈ ದಾರಿಯಲ್ಲಿ ನಮ್ಮಂಥವರ ಮಕ್ಕಳಿಗೆ ಜಾಗ ಇಲ್ಲ ಅನ್ನುವುದು ನಿಜ ಅಲ್ಲ.

ಈಗ ಅನ್ನದ ಪ್ರಶ್ನೆ. ಅದು ಸಣ್ಣ ಪ್ರಶ್ನೆ ಅಲ್ಲವೇ ಅಲ್ಲ. ಬರೀ ಬ್ಯಾಚುಲರ್ ಮುಗಿಸಿದರೆ ಕೈಯಲ್ಲಿ ಇಂಥದ್ದೇ ಕೆಲಸ ಅಂತ ಇರುವುದಿಲ್ಲ. ಪ್ರಕಾಶನ, ಪತ್ರಿಕೆ, ಮ್ಯೂಸಿಯಂ ಕಡೆ ಹೋಗುವವರು ಫೋಲೊಂಟಾರಿಯಾಟ್ ಅನ್ನುವ ತರಬೇತಿ ಮಾಡಬೇಕು, ಹೆಚ್ಚಾಗಿ ಎರಡು ವರ್ಷ, ಸಂಬಳ ಕಡಿಮೆ. ಸಾಫ್ಟ್‌ವೇರ್ ಸಂಬಳದ ಜೊತೆ ಹೋಲಿಸಿದರೆ ನಿರಾಸೆ ಆಗುತ್ತದೆ. ಗಟ್ಟಿ ದಾರಿ ಬೇಕು ಅನ್ನುವವರಿಗೆ ನಾನು ಹೇಳುವುದು ಲೇರಾಮ್ಟ್, ಅಂದರೆ ಶಾಲಾ ಶಿಕ್ಷಕರ ಓದು. ನಮ್ಮ ರಾಜ್ಯ ಬಾಡನ್-ವ್ಯುರ್ಟೆಂಬರ್ಗ್‌ನಲ್ಲಿ ಗಿಮ್ನಾಜಿಯುಮ್ (ಅಬಿಟೂರ್‌ವರೆಗಿನ ಪ್ರೌಢಶಾಲೆ) ಶಿಕ್ಷಕರಾಗಲು ಎರಡು ವಿಷಯದ ಬ್ಯಾಚುಲರ್, ಆಮೇಲೆ ಮಾಸ್ಟರ್, ಆಮೇಲೆ ಒಂದೂವರೆ ವರ್ಷದ ರೆಫರೆಂಡಾರಿಯಾಟ್, ಅಂದರೆ ಶಾಲೆಯಲ್ಲಿ ಕಲಿಸುತ್ತಾ ಪಡೆಯುವ ತರಬೇತಿ. ಬವೇರಿಯಾದಲ್ಲಿ ರೆಫರೆಂಡಾರಿಯಾಟ್ ಎರಡು ವರ್ಷ, ಪರೀಕ್ಷೆಯ ರೀತಿಯೂ ಬೇರೆ. ಎರಡನೆಯ ವಿಷಯವನ್ನು ಯೋಚಿಸಿ ಆರಿಸಬೇಕು. ಜರ್ಮನ್ ಜೊತೆ ಇತಿಹಾಸ ತೆಗೆದುಕೊಳ್ಳುವವರು ತುಂಬಾ ಜನ, ಅಲ್ಲಿ ಪೈಪೋಟಿ ಜಾಸ್ತಿ. ಗಣಿತ, ಭೌತವಿಜ್ಞಾನ, ಇನ್‌ಫಾರ್ಮಾಟಿಕ್ ಜೊತೆಗಿದ್ದರೆ ಶಾಲೆಗಳು ಕರೆದು ಕೆಲಸ ಕೊಡುತ್ತವೆ. ವಿಶೇಷ ಶಿಕ್ಷಣದಲ್ಲೂ ಶಿಕ್ಷಕರ ಕೊರತೆ ಇದೆ.

ಲೇರಾಮ್ಟ್‌ನಲ್ಲಿ ಒಂದು ವಿಷಯ ನಮ್ಮವರಿಗೆ ಮುಂಚೆಯೇ ಗೊತ್ತಿರಬೇಕು. ಬೆಆಮ್ಟರ್, ಅಂದರೆ ಖಾಯಂ ಸರ್ಕಾರಿ ಅಧಿಕಾರಿ ಆಗಲು ಸಾಮಾನ್ಯವಾಗಿ ಜರ್ಮನ್ ಅಥವಾ ಯುರೋಪಿಯನ್ ಒಕ್ಕೂಟದ ಪೌರತ್ವ ಬೇಕು. ಭಾರತದ ಪಾಸ್‌ಪೋರ್ಟ್ ಇದ್ದರೂ ಒಪ್ಪಂದದ ನೌಕರರಾಗಿ ಕಲಿಸಬಹುದು, ಆದರೆ ಪಿಂಚಣಿ, ವಿಮೆ ಎಲ್ಲ ಬೇರೆ ಲೆಕ್ಕ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಹಾಗಾಗಿ ಒಸಿಐ (ವಿದೇಶದ ಪೌರತ್ವ ಪಡೆದ ಭಾರತ ಮೂಲದವರ ಕಾರ್ಡ್) ಮಾಡಿಸುವ ಮಾತು ಮನೆಯಲ್ಲಿ ಬೇಗ ಆಡಿಕೊಳ್ಳಿ.

ಇನ್ನೊಂದು ಒಳ್ಳೆ ದಾರಿ ಹೊಸದಾಗಿ ಬಂದವರಿಗೆ ಜರ್ಮನ್ ಕಲಿಸುವುದು. ಲೈಪ್‌ಸಿಗ್‌ನ ಹೆರ್ಡರ್ ಇನ್‌ಸ್ಟಿಟ್ಯೂಟ್ 1956ರಿಂದ ಈ ಕ್ಷೇತ್ರದಲ್ಲಿದೆ. ಹೊಸಬರಿಗಾಗಿ ನಡೆಸುವ ಇಂಟಿಗ್ರೇಷನ್ ಕೋರ್ಸ್‌ನಲ್ಲಿ 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ ಇರುತ್ತದೆ ಅಂತ ಅದನ್ನು ಮಾಡಿದವರಿಗೆ ಗೊತ್ತು. ಎರಡು ಭಾಷೆಯಲ್ಲಿ ಬೆಳೆದವರಿಗೆ, ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಬೇಗ ಹೊಳೆಯುತ್ತದೆ. ನನಗೆ ಇನ್ನೂ ಒಂದು ಆಸೆ ಇದೆ. ಕನ್ನಡದಿಂದ ನೇರವಾಗಿ ಜರ್ಮನ್‌ಗೆ ಬಂದ ಪುಸ್ತಕಗಳು ಬಹಳ ಕಡಿಮೆ. ಡ್ಯುಸೆಲ್‌ಡಾರ್ಫ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಅನುವಾದವನ್ನೇ ಕಲಿಸುತ್ತಾರೆ. ಎರಡೂ ಭಾಷೆ ಬಲ್ಲ ಈ ಮಕ್ಕಳು ಆ ಕೆಲಸ ಮಾಡದಿದ್ದರೆ ಬೇರೆ ಯಾರು ಮಾಡುತ್ತಾರೆ ಹೇಳಿ.

ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಲ್ಲಿ ಶಾಲೆ ಮುಗಿಸಿದವರಿಗೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಊರಿಂದ ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ಕರೆಸಿ ಓದಿಸುವ ಯೋಚನೆ ಇದ್ದರೆ ಲೆಕ್ಕ ಬೇರೆ. ನಮ್ಮ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರಿಗೆ ಸೆಮಿಸ್ಟರಿಗೆ 1500 ಯೂರೊ ಶುಲ್ಕ ಇದೆ. ಜರ್ಮನಿಸ್ಟಿಕ್‌ಗೆ ಭಾಷೆ ಕಡಿಮೆ ಅಂದರೂ ಸಿ1, ಅಂದರೆ ಬಿ1ಗಿಂತ ಎರಡು ಮೆಟ್ಟಿಲು ಮೇಲಿನ ಮಟ್ಟ ಬೇಕು. ಅಂಥವರು ಮೊದಲು ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಲಿ. ಪುಣೆ ವಿಶ್ವವಿದ್ಯಾಲಯ, ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ), ದೆಹಲಿಯ ಜೆಎನ್‌ಯು ಇಲ್ಲೆಲ್ಲ ಜರ್ಮನ್ ಪದವಿ ಇದೆ. ಅಲ್ಲಿ ಬ್ಯಾಚುಲರ್ ಮುಗಿಸಿ ಮಾಸ್ಟರ್‌ಗೆ ಇಲ್ಲಿಗೆ ಬರುವುದು ಹೆಚ್ಚು ನೆಮ್ಮದಿ ಅಂತ ನನ್ನ ಅನಿಸಿಕೆ.

ಅಕ್ಕ, ನಿಮ್ಮ ಮಗಳ ಹತ್ತಿರ ಮೂರು ಭಾಗದಲ್ಲಿ ಯಾವುದು ಇಷ್ಟ, ಎರಡನೆಯ ವಿಷಯ ಯಾವುದು ಅಂತ ಕೇಳಿ. ಸೀಟು ಮಿತಿ ಇರುವ ಕಡೆ ಅರ್ಜಿಗೆ ಸಾಮಾನ್ಯವಾಗಿ ಜುಲೈ 15 ಕೊನೆಯ ದಿನ. ಮಿತಿ ಇಲ್ಲದ ಕಡೆ ಇನ್ನೂ ಸಮಯ ಸಿಗುತ್ತದೆ. ಅರ್ಜಿ ಹಾಕುವ ಮುಂಚೆ ಸೆಮಿಸ್ಟರ್ ನಡೆಯುವಾಗ ಒಂದು ದಿನ ಟ್ಯೂಬಿಂಗನ್‌ಗೆ ಕಳಿಸಿ. ಭಾಷಾ ವಿಭಾಗಗಳು ಬ್ರೆಖ್ಟ್‌ಬೌ ಕಟ್ಟಡದಲ್ಲಿವೆ. ದೊಡ್ಡ ಉಪನ್ಯಾಸಗಳಲ್ಲಿ ಹೊರಗಿನವರು ಕೂತು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ನನ್ನ ಮಗಳು ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಆಗಲಿ. ನನಗೆ ಬೇರೆಯಾಗಿ ಮೆಸೇಜ್ ಮಾಡಿ, ದಿನ ನೋಡಿ ಹೇಳುತ್ತೇನೆ.