'ಪಥ್ಯ' ಎಂದರೆ ಉಪ್ಪು ಬಿಡುವುದೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳಬೇಕಿದೆ.

ನಮ್ಮ ಯಜಮಾನರಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವೊಮ್ಮೆ ಅತಿ ಉತ್ಸಾಹಕ್ಕೆ ಏರಿ, ಕೆಲವೊಮ್ಮೆ ಖಿನ್ನತೆಗೆ ಇಳಿಯುವುದು) ಇರುವುದು ಕಳೆದ ವರ್ಷ ಗೊತ್ತಾಯಿತು. ಅದಕ್ಕೆ ಮೊದಲು ಕೊಟ್ಟ ವಾಲ್ಪ್ರೊಯೇಟ್ ಎಂಬ ಮಾತ್ರೆಯಿಂದ ಮೈ ತೂಕ ಏರಿ, ಹಗಲೆಲ್ಲ ಮಂಪರು ಕವಿಯುತ್ತಿದ್ದರಿಂದ ವೈದ್ಯರು ಈ ಬೇಸಿಗೆಯಲ್ಲಿ ಲಿಥಿಯಂ ಮಾತ್ರೆಗೆ ಬದಲಾಯಿಸಿದರು. ಹೊಸ ಮಾತ್ರೆ ಶುರುವಾದದ್ದೇ ತಡ, ಅತ್ತೆಯವರು ಮಗನಿಗೆ ಪಥ್ಯ ಹಿಡಿಸಿದರು. ಸಾರಿಗೆ ಉಪ್ಪಿಲ್ಲ, ಮಜ್ಜಿಗೆಗೆ ಉಪ್ಪಿಲ್ಲ, ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಪುಡಿಯೂ ಬಂದ್. ಪ್ರೀತಿಯಿಂದಲೇ ಮಾಡಿದ್ದು. ನಮ್ಮ ದಾವಣಗೆರೆಯ ಮನೆಗಳಲ್ಲಿ ಔಷಧಿಯೆಂದರೆ ಪಥ್ಯ, ಪಥ್ಯವೆಂದರೆ ಸಪ್ಪೆ ಊಟ.

ಲಿಥಿಯಂ ವಿಷಯದಲ್ಲಿ ಇದು ಅಪಾಯ. ಉಪ್ಪು ದಿಢೀರನೆ ಕಡಿಮೆಯಾದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಏಪ್ರಿಲ್ ಬಿಸಿಲಿಗೆ ಬೆವರು ಸುರಿದು ಮೈಯಲ್ಲಿ ನೀರು ಇಳಿದರೂ ಅಷ್ಟೇ. ಆ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಅದಕ್ಕೇ ರಾತ್ರಿಯ ಮಾತ್ರೆ ನುಂಗಿದ 12 ಗಂಟೆಗಳ ನಂತರ ರಕ್ತ ಪರೀಕ್ಷೆ ಮಾಡುತ್ತಾರೆ. ಒಂದು ಬೆಳಿಗ್ಗೆ ಯಜಮಾನರ ಕೈಯಲ್ಲಿದ್ದ ಲೋಟ ನಡುಗಿ ಚಹಾ ಅಂಗಿಯ ಮೇಲೆ ತುಳುಕಿತು. ಲಿಥಿಯಂ ಏರಿರಬಹುದೆಂದು ಹೆದರಿ ಕೂಡಲೇ ವೈದ್ಯರಿಗೆ ಫೋನ್ ಮಾಡಿದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಊಟ ಮೊದಲಿನಂತೆಯೇ ಇರಲಿ ಎಂದರು.

ನನ್ನ ಪ್ರಶ್ನೆ ಇದು. 'ಪಥ್ಯ'ಕ್ಕೆ ನಿಘಂಟಿನಲ್ಲಿರುವ ಅರ್ಥ ಹಿತವಾದದ್ದು, ರೋಗಿಗೆ ಒಗ್ಗುವಂಥದ್ದು. 'ಆ ಮಾತು ಅವರಿಗೆ ಪಥ್ಯವಾಗಲಿಲ್ಲ' ಎನ್ನುವಾಗ ಆ ಅರ್ಥ ಇಂದಿಗೂ ಜೀವಂತವಾಗಿದೆ. ಹಾಗಾದರೆ ದಿನದ ಉಪ್ಪು, ನೀರು ತಪ್ಪದಿರುವುದೇ ಇವರ ಪಥ್ಯ ಎಂದು ಅತ್ತೆಗೆ ಹೇಳಬಹುದಲ್ಲವೇ? 'ಪಥ್ಯ ಬೇಡ' ಎನ್ನಲು ನನಗೆ ಧೈರ್ಯವಿಲ್ಲ. ಹಾಗೆಂದರೆ ಅತ್ತೆ, ಏನು ಬೇಕಾದರೂ ನಡೆಯುತ್ತದೆ ಎಂದುಕೊಂಡು ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದುಕೊಟ್ಟಾರು. ಅದೂ ಲಿಥಿಯಂ ಮಟ್ಟವನ್ನು ಏರಿಸುತ್ತದೆ.

ಜೊತೆಗೆ ಇನ್ನೊಂದು. ಮಾತ್ರೆ ಬದಲಾಯಿತು ಎಂದರೆ ನೆಂಟರು 'ಮೊದಲನೆಯದು ನಾಟಲಿಲ್ಲವೇ?' ಎಂದು ಮುಖ ಸಣ್ಣಗೆ ಮಾಡುತ್ತಾರೆ, ಇವರು ಕುಗ್ಗಿಹೋಗುತ್ತಾರೆ. ಈ ಕಾಯಿಲೆಯಲ್ಲಿ ಔಷಧಿ ಬದಲಿಸುವುದು, ಪ್ರಮಾಣ ಏರಿಳಿಸುವುದು ಚಿಕಿತ್ಸೆಯ ಭಾಗವೇ. 'ಒಗ್ಗಿಸುತ್ತಿದ್ದಾರೆ' ಎಂದರೆ ಸರಿಯಾದೀತೇ?

ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ದಿನವೂ ಒಂದೇ ಅಳತೆಯಲ್ಲಿ ಉಪ್ಪು ಉಣ್ಣುವುದಕ್ಕೆ 'ಒಂದೇ ಹದ' ಎಂಬುದು ನನಗೆ ತೋಚಿದ ಮಾತು. ಆದರೆ ಅಡುಗೆ ಮಾಡುವವರ ಕಿವಿಗೆ ಅದು ರುಚಿಯ ಮಾತಾಗಿಯೇ ಕೇಳಿಸೀತು. ಜಗಳೂರು, ಹರಿಹರ, ಚಿತ್ರದುರ್ಗದ ಕಡೆಯವರು ಮನೆಯ ಹಿರಿಯರನ್ನು ವಿಚಾರಿಸಿ ಇದಕ್ಕೊಪ್ಪುವ ಪದ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.